ಹನ್ನೆರಡು ಲೀಟರಿನ ಪಾಲು

ಸಿಲಿಂಡರು ಅಲ್ಲಿಡು, ಬಾಗಿಲು ಎಳೆದುಕೋ,
ಸ್ಟ್ರೋಮ್ನೆಸ್ಸಿನ ಗಾಳಿಗೆ ಕೇಳದೆ ಒಳಬರುವ ಚಟ.
ನಿನಗೆ ಬೇಕಾದದ್ದು ಬರಿ ಗಾಳಿಯಲ್ಲ, ಬೆರಕೆ.
ನಿಧಾನ ತುಂಬಬೇಕು. ಅವಸರಕ್ಕೆ ಉಕ್ಕು ಕಾಯುತ್ತದೆ,
ಕಾದ ಉಕ್ಕು ಮುಳ್ಳಿಗೆ ಸುಳ್ಳು ಹೇಳಿಕೊಡುತ್ತದೆ.

ಮೊದಲು ಹೀಲಿಯಂ. ಎಪ್ಪತ್ತಕ್ಕೆ ಬರಲಿ.
ನೋಡು, ಇಡೀ ಸಿಲಿಂಡರು ಈಗ ಅದರದೇ,
ತಳದಿಂದ ಕತ್ತಿನವರೆಗೆ, ಒಂದು ಮೂಲೆ ಬಿಡದೆ.
ಆಮೇಲೆ ಆಮ್ಲಜನಕ, ಹದಿನೆಂಟೂವರೆ, ಅಷ್ಟೇ.
ಬೆರಳಲ್ಲಿ ಎಣ್ಣೆಯಿದ್ದರೆ ಈ ಕಡೆ ಸುಳಿಯಬೇಡ.
ಒಳಗಿದ್ದದ್ದು ಸರಿದು ಜಾಗ ಕೊಡುತ್ತದೆಯೇ?
ಇಲ್ಲ. ತನ್ನ ಎಪ್ಪತ್ತನ್ನು ಎಪ್ಪತ್ತಾಗಿಯೇ ಒತ್ತುತ್ತದೆ,
ಹೊಸಬ ಬಂದದ್ದೇ ಗೊತ್ತಿಲ್ಲದ ಹಾಗೆ.
ಕೊನೆಗೆ ಕಂಪ್ರೆಸರಿನ ಗಾಳಿ, ಇನ್ನೂರು ಮುಟ್ಟುವ ತನಕ.

ಮುಳ್ಳು ಒಂದೇ. ಅದಕ್ಕೆ ಹೆಸರು ತಿಳಿಯದು, ಮೊತ್ತ ಮಾತ್ರ.
ಬಿಡಿಸಿ ಕೇಳಿದರೆ ನಾನು ಹೇಳಬೇಕು:
ಹೀಲಿಯಂ ಎಪ್ಪತ್ತು, ಆಮ್ಲಜನಕ ನಲವತ್ತೆರಡು,
ಯಾರೂ ಕರೆಯದೆ ಗಾಳಿಯ ಬೆನ್ನಿಗೆ ಬಿದ್ದು ಬಂದ
ಸಾರಜನಕ ಎಂಬತ್ತೆಂಟು.

ನೆಲದ ಬಿಳಿ ಗೆರೆ ನೋಡುತ್ತಿದ್ದೀಯಲ್ಲ,
ಎರ್ಲೆಂಡ್ ಎಳೆದದ್ದು. ನನ್ನ ತಮ್ಮ.
ಅಪ್ಪ ಸತ್ತ ಮೂರನೇ ವಾರ
ವಕೀಲರ ಕಾಗದ ಹಿಡಿದು ಬಂದು
ಶೆಡ್ಡನ್ನು ಸೀಮೆಸುಣ್ಣದಲ್ಲಿ ಸೀಳಿದ.
ಕಿಟಕಿ ನಿನಗೆ, ಬಾಗಿಲು ನನಗೆ.
ಕಂಪ್ರೆಸರು ಬಂದಾಗ ಒಂದು ಗಳಿಗೆ ನಿಂತ,
ಆಮೇಲೆ ಗೆರೆ ಅದರ ಹೊಟ್ಟೆಯ ಮೇಲೇ ಹಾಯಿತು.

ಅವನ ಲೆಕ್ಕವೂ ತಪ್ಪಲ್ಲ, ಹಾಗೆ ನೋಡಿದರೆ.
ಈ ಹನ್ನೆರಡು ಲೀಟರಿನೊಳಗೆ ಗೋಡೆ ಕಟ್ಟು:
ಎರಡೂವರೆ ಆಮ್ಲಜನಕಕ್ಕೆ,
ನಾಲ್ಕು ಚಿಲ್ಲರೆ ಹೀಲಿಯಮ್ಮಿಗೆ, ಮಿಕ್ಕದ್ದು ಸಾರಜನಕಕ್ಕೆ.
ಒಂದೊಂದು ಕೋಣೆಯಲ್ಲೂ ಇನ್ನೂರರ ಪೂರಾ ಒತ್ತಡ,
ಕದ ಬಿರಿಯುವಷ್ಟು.
ಗೋಡೆ ಕೆಡವು. ಎಲ್ಲರಿಗೂ ಇಡೀ ಮನೆ,
ಒತ್ತುವುದು ಮಾತ್ರ ತಂತಮ್ಮ ಪಾಲಿನಷ್ಟು.
ಹೇಗೆ ಎಣಿಸಿದರೂ ಅದೇ ಉಕ್ಕು, ಅದೇ ಇನ್ನೂರು.

ಇದನ್ನೇ ಅವನಿಗೆ ಹೇಳಿದೆ.
ಇಬ್ಬರಿಗೂ ಇಡೀ ಶೆಡ್ಡು ಇರಲಿ ಕಣೋ,
ಒತ್ತುವುದನ್ನು ಕಡಿಮೆ ಮಾಡೋಣ.
ನಕ್ಕ. ಅಕ್ಕಾ, ನಾವೇನು ಆದರ್ಶ ಅನಿಲವೇ?

ಅಲ್ಲ.
ಅದಕ್ಕೆ ಮೈಯಿಲ್ಲ, ಒಂದರ ಕಡೆ ಒಂದಕ್ಕೆ ಸೆಳೆತವಿಲ್ಲ,
ಡಿಕ್ಕಿ ಹೊಡೆದರೂ ಮುನಿಸಿಲ್ಲ.
ಪುಸ್ತಕದ ಹಾಳೆ ಬಿಟ್ಟು ಅದು ಎಲ್ಲೂ ವಾಸವಿಲ್ಲ.
ಬಿಗಿಯಾಗಿ ತುರುಕಿದರೆ ಹೀಲಿಯಂ ಕೂಡ
ತನಗೂ ಒಂದಿಷ್ಟು ಮೈಯಿದೆ ಎನ್ನುತ್ತದೆ.
ಅಪ್ಪನ ನೋಟುಬುಕ್ಕಿನ ಅಂಚಿಗೆ ಪೆನ್ಸಿಲ್ಲಿನಲ್ಲಿ:
ಎರಡು ಹೆಚ್ಚು ಹಾಕು. ಕಾರಣ ಬರೆದಿಲ್ಲ.
ಆಗ ನಿನಗೆ ಎಪ್ಪತ್ತು ಎಂದೆ,
ಎಪ್ಪತ್ತೆರಡಕ್ಕೆ ಬಿಟ್ಟಿದ್ದೆ.

ಎರ್ಲೆಂಡ್ ಬುಧವಾರ ಬುಧವಾರ ಬರುತ್ತಾನೆ,
ಗೆರೆಯ ಆ ಬದಿ ಕೂತು ಫಿಲ್ಟರು ಬದಲಿಸುತ್ತಾನೆ.
ಮಾತಿಲ್ಲ. ಚಹಾ ಇಡುತ್ತೇನೆ, ಕುಡಿಯುತ್ತಾನೆ.
ಸುಣ್ಣ ಇಬ್ಬರ ಬೂಟಿಗೂ ಅಂಟಿ ಅಂಟಿ
ಈಗ ಶೆಡ್ಡೆಲ್ಲ ಹಬ್ಬಿದೆ, ಕಿಟಕಿಯ ಕೆಳಗೂ, ಬಾಗಿಲ ಹತ್ತಿರವೂ.
ಗೆರೆಯಿದ್ದ ಕಡೆ ಮಾತ್ರ ತೆಳುವಾಗುತ್ತಿದೆ.

ತಣ್ಣಗಾಯಿತು ನೋಡು, ಮುಳ್ಳು ಆರೇಳು ಇಳಿದಿದೆ.
ಹೆದರಬೇಡ, ಒಳಗಿಂದ ಯಾರೂ ಎದ್ದು ಹೋಗಿಲ್ಲ.
ಚೂರು ಗಾಳಿ ಕೊಡುತ್ತೇನೆ, ಅಳೆಯುತ್ತೇನೆ,
ಇಪ್ಪತ್ತೊಂದು ಬಂದರೆ ಪಟ್ಟಿ ಹಚ್ಚಿ ನೀನೇ ರುಜು ಹಾಕು.

ನಾಳೆ ಸ್ಕಾಪಾದಲ್ಲಿ
ನೀರುಪಾಲಾದ ಆ ಕಬ್ಬಿಣದ ಪಕ್ಕ ನಲವತ್ತು ಮೀಟರು ಇಳಿದಾಗ
ನಿನ್ನ ಉಸಿರು ಐದು ಪಟ್ಟು ದಟ್ಟ.
ಪಾಲು ಅದೇ, ನೂರಕ್ಕೆ ಇಪ್ಪತ್ತೊಂದು,
ಆದರೆ ನೆತ್ತರಿಗೆ ಶೇಕಡ ಲೆಕ್ಕ ಬರುವುದಿಲ್ಲ,
ಅದಕ್ಕೆ ತಿಳಿಯುವುದು ಒತ್ತಡ.
ಮೇಲೆ ಬರುವಾಗ ತಡೆದು ತಡೆದು ಬಾ.

ದುಡ್ಡು ಆ ಬಿಸ್ಕತ್ತಿನ ಡಬ್ಬಿಗೆ ಹಾಕು.
ಒಂದೇ ಡಬ್ಬಿ.
ಅದಕ್ಕೆ ಇನ್ನೂ ಯಾರೂ ಗೆರೆ ಎಳೆದಿಲ್ಲ.