ಗ್ವಾಡಿಮ್ಯಾಲಿನ ಗೀಟು

ಮೊದಲ ದಿವಸ ಬೆರಳು ಹತ್ತಿದ್ದು
ಸ್ವಿಚ್ ಬೋರ್ಡಿನ ತನ.
ಅಲ್ಲೇ ಒಂದು ಗೀಟು ಎಳದೆ,
ಬಟ್ಟಿಗೆ ಗುರ್ತು ಹಾಕೋ ನೀಲಿ ಚಾಕಿಲೆ.

"ಕೈ ತಲಿ ಮ್ಯಾಲ ಹೋಗಬೇಕು,
ಹೋಗಿ ಅಲ್ಲೇ ನಿಂದ್ರಬೇಕು,
ಇಲ್ಲಂದ್ರ ಮಿಷಿನಿನ ಬಾಯಾಗ ಹಿಡಸಂಗಿಲ್ಲ"
ಅಂದಿದ್ರು ಡಾಕ್ಟರಬಾಯಿ.
ಬಗಲಾಗಿನ ಗಂಟು ತಗದ ಕೈ ಇದು,
ಹೊಲಗಿ ಬಿಗದು ಜಗ್ಗತಿತ್ತು,
ಒಳಗ ಯಾರೋ ಅರ್ಜೆಂಟಿನ್ಯಾಗ
ಮಾರ್ಜಿನ್ ಬಿಡದೆ ಹೊಲದಂಗ.

ಬೆರಳಿಗೆ ಹೇಳ್ದೆ, ನಡೀರಿ.
ಜ್ವಾಳದ ದಂಟಿಗೆ ಇರಿವಿ ಹತ್ತಿದಂಗ
ಒಂದರ ಹಿಂದ ಒಂದು.
ಮೂರನೇ ದಿವಸಕ್ಕ ಕ್ಯಾಲೆಂಡರಿನ ಕೆಳಗಿನ ಅಂಚು,
ಹತ್ತನೇದಕ್ಕ ಅದರ ಮೊಳಿ.
ಒಂದಿನ ಅರ್ಧ ಇಂಚು ಇಳದಿತ್ತು.
ಅವತ್ತು ನಾ ಯಾರ ಸಂಗಟನೂ ಮಾತಾಡಲಿಲ್ಲ.
ಹೊಲಿಗಿ ಕಲಿಲಾಕ ಬರೋ ತಹಸೀನ
ಟೇಪ್ ಹಿಡದು ಅಳದು
"ಅರ್ಧ ಅಲ್ಲ ಆಂಟಿ, ಪಾವ್ ಇಂಚು" ಅಂದಳು.
ಸುಳ್ಳು. ಆಕಿ ಟೇಪಿನ ತುದಿ ಮಡಚಿದ್ದು
ನಾ ನೋಡೀನಿ.

ದವಾಖಾನಿಗೆ ಹೋಗೋ ದಿವಸ
ಎಣ್ಣಿ ಬ್ಯಾಡ, ಪೌಡರ್ ಬ್ಯಾಡ, ಕೊಳ್ಳಾಗ ಸರ ಬ್ಯಾಡ.
ನಲವತ್ತಮೂರು ಡಿಗ್ರಿ ಬಿಸಲು,
ಆಟೋದ ಸೀಟು ರೊಟ್ಟಿ ಹಂಚಿನಂಗ ಕಾದಿತ್ತು.
ಒಳಗಿನ ಕೋಣ್ಯಾಗ ಮಾತ್ರ
ಕಲಬುರಗ್ಯಾಗ ಎಲ್ಲೂ ಇರದ ಥಂಡಿ.
ಹಲಗಿ ಮ್ಯಾಲ ಮಲಗಿಸಿ ಹುಡುಗ ಅಂದ,
"ಕೈ ಮ್ಯಾಲ ತರ್ರಿ ಅವ್ವಾ."
ತಂದೆ.
ಅವಗೇನು ಗೊತ್ತು,
ಈ ಕೈ ಮೂರು ವಾರ ನಡಕೋತ ಬಂದದ.

ಮೂರೂ ಕಡಿಯಿಂದ ಕೆಂಪು ಬೆಳಕಿನ ದಾರ
ಮೈಮ್ಯಾಲ ಬಿತ್ತು,
ಯಾವ ಸೂಜಿ ಕಣ್ಣಾಗೂ ಪೋಣಿಸಲಾಕ ಬರದ ದಾರ.
ಅದರ ಗುಂಟ ಹುಡುಗ ಪೆನ್ನಿಲೆ ಗೀಟು ಎಳದ.
ಇಪ್ಪತ್ತಾರು ವರ್ಷ ಮಂದಿ ಮೈ ಅಳದಾಕಿ ನಾ,
ತಡೀಲಾರದೆ ಅಂದೆ,
"ತಮ್ಮಾ, ಗೀಟು ಜರಾ ಸೊಟ್ಟ ಆಗ್ಯಾದ."
"ಗೀಟು ನೆಟ್ಟಗದ ಅವ್ವಾ,
ನೀವ್ ಉಸಿರು ಬಿಡ್ಲತ್ತೀರಿ."

ಆಮ್ಯಾಲ ಮೂರು ಚುಕ್ಕಿ. ಹಚ್ಚಿ.
ಸಾಸಿವಿಯಷ್ಟು.
ನಮ್ಮಜ್ಜಿ ಮೊಳಕೈ ತುಂಬ ಇದ್ದವು,
ಚೇಳು, ತೊಟ್ಟಿಲು, ತುಳಸಿಕಟ್ಟಿ.
ಕೊರವರ ಮುದುಕಿ ಹಾಡ್ಕೋತ ಚುಚ್ಚಿದ್ದಳಂತ,
ಅಳೋ ದನಿ ಹಾಡಿನ್ಯಾಗ ಮುಚ್ಚಲಿ ಅಂತ.
"ಬಂಗಾರ ಇಲ್ಲೇ ಬಿಟ್ಟು ಹೋಗ್ತೀವಿ,
ಹಚ್ಚಿ ಅಷ್ಟೇ ಸಂಗಟ ಬರ್ತದ" ಅಂತಿದ್ದಳು ಅಜ್ಜಿ.
ಇಲ್ಲಿ ಹಾಡಿಲ್ಲ. ಎಸಿ ಗುಂಯ್ ಅಂತದ.
ನನ್ನ ಸಂಗಟ ಬರೋದಾದ್ರ ಇವೇ ಮೂರು.
ಅಲ್ಲಿ ಯಾರರೆ ಕೇಳಿದ್ರ ಏನಂತ ಹೇಳ್ಲಿ?
ಅಳತಿ ತಗೊಂಡಾರ, ಹೊಲಿಯೋದು ಬಾಕಿ ಅದ?

ಸೋಮವಾರ ತನ ಗೀಟು ಅಳಿಬಾರದಂತ.
ರಾತ್ರಿ ಕರೆಂಟ್ ಹೋತು.
ಶಹಾಬಾದ ಫರಸಿಮ್ಯಾಲ ಅಂಗಾತ ಬಿದ್ದು
ಬ್ಲೌಸ್ ಪೀಸಿನ ರಟ್ಟಿಲೆ ಎದಿಗೆ ಗಾಳಿ ಹಾಕೊಂಡೆ.
ಬಲಕ್ಕ ಒಂದು ಮಲಿ. ಎಡಕ್ಕ ನಕಾಶಿ.
ಯಾರಿಗೂ ತೋರಸಂಗಿಲ್ಲ ಅಂದ್ಕೊಂಡಿದ್ದೆ.
ತಹಸೀನ ಮೊಬೈಲ್ ಬೆಳಕು ಹಿಡದು ನೋಡಿ,
ಜರಾ ಹೊತ್ತು ಸುಮ್ಮನಿದ್ದು,
"ಕಟೋರಿ ಕಟಿಂಗಿನ ಗುರ್ತು ಇದ್ದಂಗ ಅದ" ಅಂದಳು.
ಇಬ್ರೂ ನಕ್ಕೆವು.
ನಕ್ರ ಹೊಲಗಿ ಜಗ್ಗತದ, ಆದ್ರೂ.

ಇಪ್ಪತ್ತೈದು ಸಲ ಹೋಗೋದದ.
ಅಷ್ಟರಾಗ ನನಗೊಂದು ಸಡಿಲ ಜಂಪರ್ ಹೊಲೀಬೇಕು,
ಕಾಟನ್ನಿಂದು, ಮುಂದ ಗುಂಡಿ.
ಅಳತಿ ಬುಕ್ಕಿನ್ಯಾಗ ನನ್ನ ಹೆಸರಿನ ಹಾಳಿನೇ ಇಲ್ಲ.
ಹೊಸದು ತಗದು ಬರದೆ,
ಮಹಾನಂದಾ. ಭುಜ ಹದಿನಾಲ್ಕು. ತೋಳು ಒಂಬತ್ತು.
ಎದಿ

ಹೊರಗ ಒಬ್ಬಾಕಿ ನಿಂತು ಕೇಳ್ಲತ್ತಳು,
"ಲಗ್ನಕ್ಕ ಒಂಬತ್ತೇ ದಿವಸ ಉಳದಾವ,
ನನ್ನ ಬ್ಲೌಸ್ ಯಾವಾಗ?"
ಮ್ಯಾಲಿನ ಹಲಗಿಮ್ಯಾಗ ಇತ್ತು ಆಕಿ ಗಂಟು.
ಸ್ಟೂಲ್ ಹುಡಕಲಿಲ್ಲ, ಎಡಗೈಲೆ ಇಳಿಸಿದೆ.
ನಾಳಿ ಬಾ ಅಂದೆ,
ಗುಂಡಿ ಹಚ್ಚೋದು ಬಾಕಿ ಅದ.