ತುದಿಯ ತುಂಡು

ಸೇಡಂ ಗಾಡಿ ಡಿಪೋಕ್ಕ ಬಿಟ್ಟು
ಚೀಲದಾಗಿನ ಚಿಲ್ಲರ ಎಣಿಸಿ ಕೊಟ್ಟು
ನಡಕೋತ ಬಂದರ ಸೂಪರ್ ಮಾರ್ಕೆಟ್.
ನಮ್ಮ ಕಲಬುರಗಿಯಾಗ ಅದು ಬರೇ ಜಾಗದ ಹೆಸರು,
ಬೆಂಡಿಕಾಯಿ, ಬಳಿ, ಚಪ್ಪಲ, ಎಲ್ಲಾ ರೋಡಿನ ಮ್ಯಾಲ.
ಖರೇ ಸೂಪರ್ ಮಾರ್ಕೆಟ್ಟು ಅದರ ಹಿಂದ, ಗಾಜಿಂದು,
ಬಾಗಿಲು ನೂಕಿದರ ಮಾರಿಗೆ ತಣ್ಣನ ಗಾಳಿ.

ಅಲ್ಲಿ ಮೂಲಿಯಾಗ ಒಂದು ಬ್ರೆಡ್ಡು ಸಿಗತಿತ್ತು.
ಮ್ಯಾಲಿನ ತೊಗಲು ಸುಟ್ಟ ಇಟ್ಟಂಗಿ ಬಣ್ಣ,
ಒತ್ತಿದರ ಒಣಗಿದ ತೊಗರಿಕಾಯಿ ಒಡದಂಗ ಸಪ್ಪಳ.
ಒಳಗಿನ ಬಿಳೇದು ಮನಿಮಂದಿಗೆ.
ತುದಿಯ ತುಂಡು ನನಗ.
ದಿನವೆಲ್ಲಾ ಟಿಕೇಟ್ ಟಿಕೇಟ್ ಅಂದ ಬಾಯಿಗೆ
ಜರಾ ಕಟಕ್ ಅನ್ನೋದು ಬೇಕಲ್ಲ.

ಒಂದಿನ ಅದು ಬರೋದೇ ನಿಂತುಬಿಟ್ಟಿತು.
ಹ್ಯಾಂಗ ಮಾಡತಿದ್ದೆಪಾ, ಹೇಳು, ಅಂತ
ಕೌಂಟರಿನ ಇಮ್ತಿಯಾಜಗ ಗಂಟುಬಿದ್ದೆ.
ಅವ ನಕ್ಕ: ನಾ ಎಲ್ಲಿ ಮಾಡತಿದ್ದೆ ಮೇಡಂ,
ಹೈದರಾಬಾದದಿಂದ ಕಲ್ಲಿನಂಗ ಹೆಪ್ಪುಗಟ್ಟಿ ಬರತಿತ್ತು,
ನಾ ಬರೇ ಗುಂಡಿ ಒತ್ತತಿದ್ದೆ.

ರಜಾ ಹಾಕಿದೆ.
ಹಳೇ ಒಲಿ ಒಂದು, ಕರೆಂಟಿಂದು,
ಕಂಠೆಪ್ಪ ಯಾರದೋ ಮನಿಯಿಂದ ಅರ್ಧ ರೇಟಿಗೆ ತಂದ.
ಮೇ ತಿಂಗಳು. ಹಿಟ್ಟು ನಾದಿ
ಕೈ ತೊಳಕೊಂಡು ಬರೋದ್ರಾಗ
ಅದು ಡಬ್ಬಿ ದಾಟಿ ಕಟ್ಟಿಗೆ ಇಳದಿತ್ತು.
ಎರಡನೇ ಸಲ ಮ್ಯಾಲ ಹಾಲು ಸವರಿದೆ.
ಮಾರಿ ಏನೋ ಫಳಫಳ,
ಮುಟ್ಟಿದರ ಮದುವಿಮನಿ ದಿಂಬಿನಂಗ ಮೆತ್ತಗ.
ಉರಿ ಹೆಚ್ಚ ಮಾಡಿದೆ. ಕರ್ರಗಾತು, ಗರಿಗರಿ ಆಗಲಿಲ್ಲ.

ತಳದಾಗ ಕಲ್ಲು ಇಡಬೇಕಂತ ಯಾರೋ ಅಂದರು.
ಕಲ್ಲಿಗೇನು ಬರ, ಈ ಜಿಲ್ಲಾದಾಗ?
ಬಚ್ಚಲ ಹಿಂದ ಬಿದ್ದಿದ್ದ ಶಹಾಬಾದ ಪರಸಿ
ತಿಕ್ಕಿ ತೊಳದು ಒಳಗಿಟ್ಟೆ.
ಇಪ್ಪತ್ತು ನಿಮಿಷಕ್ಕ ಧಡ್ ಅಂತು, ಎರಡು ಹೋಳು.
ಪುತಳಾಬಾಯಿ ಸೀರಿ ಎತ್ತಿಕೊಂಡು ಓಡಿ ಬಂದಳು:
ಸಿಲಿಂಡರ ಹೋತೇನs ಯವ್ವಾ?

ಅತ್ತಿ ಮಾತ್ರ ಕುಂತಲ್ಲಿಂದ ಏಳಲಿಲ್ಲ.
ಬಾಯಾಗ ನಾಕು ಹಲ್ಲು, ಮಾತಿಗೆ ಮೂವತ್ತೆರಡು.
ಬೆಂಕಿಗೆ ಬೆಂಕಿ ಕೊಟ್ಟರ ಏನಾಗತದ? ಅಂದಳು.
ರೊಟ್ಟಿ ಹಂಚಿಗೆ ಹಾಕಿದ ಮ್ಯಾಲ ಏನ್ ಮಾಡತಿ?

ನೀರು ಸವರತೀನಿ.

ಮತ್ತs?

ಹದಿನಾರು ವರ್ಷ ಆತು ಈ ಮನಿಗೆ ಬಂದು,
ದಿನಾ ಮುಂಜಾನೆ ಒದ್ದಿ ಅರಿವಿ ಹಿಡದು
ಹಿಟ್ಟಿನ ಬೆನ್ನು ಒರೆಸಿದ ಕೈ ಇದು.
ಕೈಗೆ ಗೊತ್ತಿತ್ತು. ತಲಿಗೆ ಯಾರೂ ಹೇಳಿರಲಿಲ್ಲ.

ಕೆಳಗ ತಾಟಿನಾಗ ಕುದಿಯೋ ನೀರು,
ಮ್ಯಾಲ ಒದ್ದಿ ಕೈಯಾಗಿನ ಒಂದು ಸವರು.
ಬಾಗಿಲು ಮುಚ್ಚಿದೆ. ಗಾಜು ಮಂಜಾತು, ಏನೂ ಕಾಣಲಿಲ್ಲ.
ನಡುವ ಒಮ್ಮೆ ಕರೆಂಟ್ ಹೋತು,
ಏಳು ನಿಮಿಷ; ಒಬ್ಬರೂ ಉಸಿರು ಬಿಡಲಿಲ್ಲ.

ಹೊರಗ ತೆಗೆದಾಗ ಒಂದು ಪಕ್ಕ ಕಪ್ಪು,
ಇನ್ನೊಂದು ಪಕ್ಕ ಅದೇ ಇಟ್ಟಂಗಿ.
ಮರದ ಮಣಿ ಮ್ಯಾಲ ಆರಾಕ ಇಟ್ಟೆವು.
ಆಗ ಅದು ಮಾತಾಡಾಕ ಹತ್ತಿತು:
ಚಿಟ್. ಚಿಟ್ ಚಿಟ್.
ಸುಮ್ಮನಾಗಿ ಮತ್ತ ಒಂದು ಚಿಟ್.
ಫ್ಯಾನ್ ಬಂದ್ ಮಾಡು, ಅಂದ ಕಂಠೆಪ್ಪ.
ಬೆವರು ಒರಸ್ಕೊಳ್ಳದ ನಾಲ್ವರೂ ಕಿವಿ ಕೊಟ್ಟು ಕುಂತೆವು,
ಪುತಳಾಬಾಯಿನೂ.

ಅಂಗಡಿದು ಇದಲ್ಲ. ಜರಾ ಹುಳಿ ಹೆಚ್ಚು,
ತೊಗಲು ದಪ್ಪ, ಉಪ್ಪು ನಮ್ಮ ಮನಿ ಉಪ್ಪು.
ಆದರೂ ಒಂದು ತುದಿ ಕೊಯ್ದು ಬಾಯಿಗಿಟ್ಟೆ, ಕಟಕ್.

ಆ ಕಡಿದು ಇಲ್ಲಿ ಕೊಡು, ಅಂದಳು ಅತ್ತಿ.
ನಿಮಗ ಮೆತ್ತಂದು ಕೊಡತೀನಿ, ಅಂದೆ.
ಬ್ರೆಡ್ಡಿಗೆ ಎರಡು ತುದಿ ಇರತಾವ,
ಇಷ್ಟು ದಿನ ಎರಡೂ ನೀನೇ ತಿಂದಿ.

ಗಲ್ಲದಾಗ ಇಟ್ಟುಕೊಂಡು, ಚೀಪಕೋತ, ನೆನಸಕೋತ
ಗ್ವಾಡಿಗೆ ಬೆನ್ನು ಹಚ್ಚಿ ಕುಂತಳು.
ನಾ ಖಾಕಿ ತೊಟ್ಟು ಎರಡನೇ ಪಾಳಿಗೆ ಹೊಂಟೆ.
ಗಾಡಿ ಮಳಖೇಡ ದಾಟುತನಾ
ಆ ತುಂಡು ಆಕಿ ಬಾಯಾಗ ಇನ್ನೂ ಇದ್ದೀತು.