ಅಂದಾಜು ಪಟ್ಟಿ

ಇಪ್ಪತ್ತೇಳು ವರ್ಷ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದವಳು ನಾನು.
ಒಂದು ಆವಿಗೆಗೆ ಎಷ್ಟು ಹಂಚು, ಎಷ್ಟು ಸೀಳಿದವು,
ಎಷ್ಟು ಕಪ್ಪಾದವು, ಎಲ್ಲ ಬಾಯಿಪಾಠ.
ಈಗ ಪಂಪ್‌ವೆಲ್ಲಿನ ಈ ಅಂಗಡಿಯ ಏಸಿ ಚಳಿಯಲ್ಲಿ
ಗೋಡೆಗೆ ಅಂಟಿಸುವ ಒಂದು ಟೈಲು
ಆರಿಸಲು ಬರುವುದಿಲ್ಲ.

ಸ್ವಂತಕ್ಕಾ, ಬಾಡಿಗೆ ಮನೆಗಾ? ಇಮ್ತಿಯಾಝ್ ಕೇಳಿದ್ದು ಅದೊಂದೇ.
ಸ್ವಂತಕ್ಕಾದರೆ ಮೇಲಿನ ಮಹಡಿ, ಲಿಫ್ಟು ಉಂಟು.
ಬಾಡಿಗೆಗಾದರೆ ಇಲ್ಲೇ ಹಿಂದೆ, ಜನರೇಟರಿನ ಹತ್ತಿರ.
ಬಿಳಿ ಬೇಡ ಅಕ್ಕ, ಅರಸಿನ ಹಿಡಿಯುತ್ತದೆ.
ಈ ಬೂದಿ ಬಣ್ಣ ನೋಡಿ,
ಕಲೆ ಬಿದ್ದರೂ ಡಿಸೈನಿನ ಹಾಗೇ ಕಾಣುತ್ತದೆ.
ಹಿತ್ತಾಳೆಯ ನಲ್ಲಿ ಹಾಕಿಸಬೇಡಿ,
ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ.
ಅವನ ಮಾತಿನಲ್ಲಿ ಬಾಡಿಗೆಯವರು
ಯಾವಾಗಲೂ ಹೋಗುತ್ತಲೇ ಇರುತ್ತಾರೆ.

ಬ್ರೋಕರ್ ಬಂಗೇರರು ಫೋನಿನಲ್ಲೇ ಕೂಡಿಸಿದ್ದರು:
ಅಡುಗೆಮನೆಗೆ ತೊಂಬತ್ತು ಸಾವಿರ, ಬಚ್ಚಲಿಗೆ ಎಪ್ಪತ್ತು.
ಈಗ ಬರುವುದು ಏಳು, ಆಮೇಲೆ ಹನ್ನೊಂದು.
ನಲವತ್ತು ತಿಂಗಳಲ್ಲಿ ಹಾಕಿದ್ದು ವಾಪಸು ಬಂತು ಮಾರಾಯ್ರೆ!
ಕಮೋಡು ಕೂರಿಸಿ, ಗೀಸರು ಹಾಕಿ,
ಚಿಮಣಿಗೊಂದು ತೂತು ಕೊರೆದಿಡಿ.
ಮೆಡಿಕಲ್ ಕಾಲೇಜಿನ ಮಕ್ಕಳು ಕ್ಯೂ ನಿಲ್ಲುತ್ತಾರೆ.

ಫ್ಲೇವಿಯಾ? ಎಂದೆ.
ಹನ್ನೊಂದು ಕೊಟ್ಟರೆ ಅವರೇ ಇರಲಿ, ಬೇಡ ಎಂದವರು ಯಾರು?

ಅಳತೆ ತೆಗೆಯಲು ಕೊಗ್ಗಣ್ಣನ ಜೊತೆ ಜೆಪ್ಪುವಿಗೆ ಹೋದೆ.
ಎಂತಾದರೂ ಬೇಕಿದ್ದರೆ ಈಗಲೇ ಹೇಳು ಎಂದೆ ಅವಳಿಗೆ.
ತುಂಬ ಹೊತ್ತು ಯೋಚಿಸಿದಳು.
ಬಚ್ಚಲಿನ ಚಿಲಕ, ಎಂದಳು.
ಅದು ಯಾವಾಗ ಹೋದದ್ದು?
ಬರುವಾಗಲೇ ಇರಲಿಲ್ಲ. ನೀರು ತುಂಬಿದ ಬಾಲ್ದಿ ಅಡ್ಡ ಇಡುತ್ತೇವೆ,
ಈಗ ನಾನು, ಸಣ್ಣವಳು, ಇಬ್ಬರೇ ಅಲ್ಲವಾ.
ಮತ್ತೆ ಸಿಂಕು... ಬಂಗುಡೆ ತೊಳೆದರೆ ನೀರು ಹೊಟ್ಟೆಗೇ ಹಾರುತ್ತದೆ,
ಸ್ವಲ್ಪ ಆಳ ಇದ್ದರೆ. ಆಗದಿದ್ದರೆ ಬೇಡ.

ಕೊಗ್ಗಣ್ಣ ಒಲೆ ಎತ್ತಿ ಬದಿಗಿಟ್ಟು ಟೇಪು ಹಿಡಿದು ಬಗ್ಗಿದ.
ಇಲ್ಲಿ ಎಂತದೋ ಬರೆದಿದ್ದಾರೆ.

ಹಳದಿ ಟೈಲಿನ ಮೇಲೆ, ಎಣ್ಣೆಯ ಪಸೆಯ ಅಡಿಯಲ್ಲಿ,
ಪೆನ್ಸಿಲಿನ ತಾರೀಕುಗಳು ಒಂದರ ಕೆಳಗೊಂದು:
ಸಿಲಿಂಡರು ಜೋಡಿಸಿದ ದಿನಗಳು.

ಲೆಕ್ಕದವಳ ಕಣ್ಣು. ಸುಮ್ಮನೆ ಓದುವುದಿಲ್ಲ, ಕಳೆಯುತ್ತದೆ.
ಮೂವತ್ತು ದಿನ. ಇಪ್ಪತ್ತೊಂಬತ್ತು.
ಡಿಸೆಂಬರದಲ್ಲಿ ಹದಿನೆಂಟು,
ಕುಸ್ವಾರ್ ಮಾಡಿ ಮಾರಿದ್ದಿರಬೇಕು.
ಆಮೇಲೆ ನಲವತ್ತೆರಡು, ಅತ್ತೆ ತೀರಿಕೊಂಡ ವರ್ಷ.
ಐವತ್ತೆಂಟು, ದೊಡ್ಡವಳ ಮದುವೆಯಾಯಿತು.
ಎಪ್ಪತ್ತಾರು.
ಆ ಡಿಸೆಂಬರದಲ್ಲೂ ಎಪ್ಪತ್ತಾರೇ.
ಕೊನೆಯದಕ್ಕೆ ತೊಂಬತ್ತನಾಲ್ಕು.

ಇಬ್ಬರಿಗೆ ತೊಂಬತ್ತನಾಲ್ಕು ಬರುವುದಿಲ್ಲ.
ಈ ಮನೆಯಲ್ಲಿ ಯಾರೋ ಒಂದು ಹೊತ್ತು
ಒಲೆ ಹಚ್ಚುವುದು ಬಿಟ್ಟಿದ್ದಾರೆ.

ಬಾಡಿಗೆ ಮಾತ್ರ ಒಮ್ಮೆಯೂ ಐದನೇ ತಾರೀಕು ದಾಟಿದ್ದಿಲ್ಲ.

ಇಮ್ತಿಯಾಝ್ ಕ್ಯಾಲ್ಕುಲೇಟರು ಹಿಡಿದು ಕಾಯುತ್ತಿದ್ದಾನೆ.
ಚಿಮಣಿ ಹೊಡೆದೆ. ಗೀಸರು ಹೊಡೆದೆ. ಬೂದಿ ಬಣ್ಣ ಹೊಡೆದೆ.
ಆಳದ ಸಿಂಕು ಒಂದು, ಬರೆದುಕೊ.
ಬಚ್ಚಲ ನೆಲಕ್ಕೆ ಜಾರದ ಕಲ್ಲು.
ಹಿತ್ತಾಳೆಯದೇ ನಲ್ಲಿ, ಹೌದು, ಎರಡು.
ಚಿಲಕ ಸ್ಟೀಲಿನದು, ಒಳ್ಳೆಯದು ಕೊಡು,
ನಮ್ಮದು ಕಡಲ ಗಾಳಿ, ಕಬ್ಬಿಣವನ್ನು ತಿನ್ನುತ್ತದೆ.

ಪುಣ್ಯಕ್ಕೆ ಮಾಡಿದೆ ಎಂದು ಯಾರೂ ತಿಳಿಯಬೇಡಿ.
ಐನೂರು ಏರಿಸುತ್ತೇನೆ, ನನ್ನ ಪೆನ್ಶನ್ನು ಹೇಳಿಕೊಳ್ಳುವಷ್ಟಿಲ್ಲ.
ಒಟ್ಟು ಇಪ್ಪತ್ತು ಸಾವಿರ. ನೋಡಿ ಬಂಗೇರರೇ,
ಇದಕ್ಕೂ ಅದೇ ನಲವತ್ತು ತಿಂಗಳು.

ಬಿಲ್ಲು ಆಗುವಾಗ ಕೊಗ್ಗಣ್ಣನ ಫೋನು:
ಸಿಂಕಿನ ಪೈಪಿಗೆ ಒಲೆಯ ಗೋಡೆ ಒಡೆಯಲಾ ಅಕ್ಕ?
ಬೇಡ, ಆಚೆ ಬದಿಯಿಂದ ತೆಗೆ.
ಆಚೆಯಿಂದಾದರೆ ಒಂದು ದಿನದ ಕೂಲಿ ಜಾಸ್ತಿ.
ಆಗಲಿ.
ಈ ಹಳದಿ ಟೈಲು ಉಳಿದರೆ ಚಂದ ಕಾಣುವುದಿಲ್ಲ, ಈಗಲೇ ಹೇಳಿದ್ದೇನೆ.

ಉಳಿಯಲಿ ಕೊಗ್ಗಣ್ಣ.
ಕೊನೆಯ ತಾರೀಕಿನ ಕೆಳಗೆ
ಇನ್ನೂ ನಾಲ್ಕು ಬೆರಳು ಜಾಗ ಉಂಟು.